ಸೌಟು ತಳಕ್ಕೆ ಹೋದಾಗ: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ನಿನ್ನ ಅವ್ವನ ಆಶೀರ್ವಾದ. ನಾವೆಲ್ಲ ಆರಾಮ ಇದ್ದೀವಿ. ಅಪ್ಪನ ಮೊಣಕಾಲು ನೋವು ಇದ್ದ ಹಾಂಗೇ ಅದ. ಎಮ್ಮೆ ಗಬ್ಬ ಆಗಿದೆ. ಮಳೆ ಹೆಚ್ಚಾಗಿ ತೊಗರಿ ಹೊಲದ ಅರ್ಧಕ್ಕೆ ನೀರು ನಿಂತು ಜೌಳು ಹಿಡಿದಿದೆ, ಉಳಿದರ್ಧ ನೋಡಲಿಕ್ಕೆ ಚಂದ ಇದೆ. ಫೋನಿನಲ್ಲಿ ಮಾತಾಡಿದ ಹಾಂಗೇ ಬರೀಬೇಕಂತ ಕೂತೆ. ಆದರೆ ಪೆನ್ನು ಹಿಡಿದರೆ ಸಾಲ್ಯಾಗ ಮಾಸ್ತರು ಕಲಿಸಿದ ಕನ್ನಡವೇ ಬರ್ತದ. ಎರಡೂ ಕಲಸಿಹೋದರೆ ನಗಬ್ಯಾಡ.

ಗುರುವಾರ ರಾತ್ರಿ ನೀ ಅತ್ತೆ. ನಾ ಏನಂದೆ? "ಉಂಡಿಯೇನ? ಉಂಡು ಮಕ್ಕೋ." ಅಷ್ಟೇ. ನಿನಗೆ ಸಿಟ್ಟು ಬಂದಿರಬೇಕು. ಅಡುಗೆ ಮಾಡೋಳಿಗೆ ಏನು ಕೇಳಿದರೂ ಮೊದಲು ಬಾಯಿಗೆ ಬರೋದು ಅದೇ ನೋಡು.

ನಿಮ್ಮ ಓದಿನ ಬಳಗದಲ್ಲಿ ಈ ತಿಂಗಳು ಆದರ್ಶ ಸಮಾಜದ ಮಾತು ನಡೆದಿದೆ ಅಂದೆ. ಮೂರು ತಾಸು ಸಮಾನತೆ ಬಗ್ಗೆ ಚರ್ಚೆ ಆಯಿತಂತೆ. ಮುಗಿದ ಮೇಲೆ ಹುಡುಗರು ಬಾಗಿಲಲ್ಲಿ ನಿಂತು ಇನ್ನೂ ವಾದ ಮಾಡುತ್ತಿದ್ದರೆ, ನೀವು ಮೂರು ಮಂದಿ ಹುಡುಗಿಯರು ಹದಿನೇಳು ಚಹಾದ ಗ್ಲಾಸು ತೊಳೆದಿರಂತೆ. ಯಾರೂ ತೊಳಿ ಅಂತ ಹೇಳಿರಲಿಲ್ಲ, ಅದೇ ದೊಡ್ಡ ಸಂಕಟ ಅಂದೆ. ಹೇಳಿದ್ದರೆ ಜಗಳ ಆದರೂ ಮಾಡಬಹುದಿತ್ತು. ಆಮೇಲೆ ಕೇಳಿದೆ: "ಅವ್ವಾ, ಒಂದು ಚಾ ಗ್ಲಾಸಿನ ಮಟ್ಟಿಗೂ ಆಗದ ಸಮಾಜ ಎಲ್ಲರೆ ಇದ್ದೀತೇನ?"

ಮೂರು ದಿನದಿಂದ ಅದೇ ತಲೆಯಲ್ಲಿದೆ. ಅಕ್ಕಿ ಆರಿಸುವಾಗ, ಕುಕ್ಕರ್ ತಿಕ್ಕುವಾಗ, ಅದೇ.

ನೀ ವಾಟ್ಸಾಪಿನಲ್ಲಿ ಕಳಿಸಿದ ಟಿಪ್ಪಣಿಯನ್ನ ಎರಡು ಸಲ ಓದಿದೆ. ಇಂಗ್ಲೆಂಡಿನ ಥಾಮಸ್ ಮೋರ್ 1516ರಲ್ಲಿ ಬರೆದ, ಯುಟೋಪಿಯ ಅನ್ನೋ ದ್ವೀಪದ ಕತೆ. 54 ಊರು, ಎಲ್ಲವೂ ಒಂದೇ ನಮೂನಿ. ದಿನಕ್ಕೆ ಆರೇ ತಾಸು ದುಡಿಮೆ. ಬಂಗಾರದಿಂದ ಉಚ್ಚೆ ಪಾತ್ರೆ ಮಾಡುತ್ತಾರಂತೆ, ಯಾರಿಗೂ ಅದರ ಮೇಲೆ ಆಸೆ ಹುಟ್ಟಬಾರದು ಅಂತ. ಅದು ನನಗೆ ಹಿಡಿಸಿತು. ಊರವರೆಲ್ಲ ದೊಡ್ಡ ಪಡಸಾಲೆಯಲ್ಲಿ ಕೂಡಿ ಉಣ್ಣುತ್ತಾರೆ ಅಂತ ಇತ್ತಲ್ಲ, ಅಲ್ಲಿ ನಾ ನಿಂತೆ. ಅಡುಗೆ ಯಾರು ಮಾಡ್ತಾರ? ನಿನ್ನ ಟಿಪ್ಪಣಿಯಲ್ಲೇ ಇತ್ತು, ಕೆಳಗೆ, ಸಣ್ಣದಾಗಿ: ಹೊಲಸು ಕೆಲಸ, ಭಾರದ ಕೆಲಸ ಗುಲಾಮರಿಗೆ, ಒಲೆ ಮುಂದೆ ಹೆಂಗಸರು, ಮನೆಮನೆಯಿಂದ ಸರದಿ ಪ್ರಕಾರ. ಗಂಡಸರ ಸರದಿ ಯಾವಾಗ ಅಂತ ಹುಡುಕಿದೆ. ಬರಲೇ ಇಲ್ಲ. ಯುಟೋಪಿಯ ಅಂದರೆ ಗ್ರೀಕಿನಲ್ಲಿ ಎಲ್ಲೂ ಇಲ್ಲದ ಊರು ಅಂತ ಅರ್ಥ ಅಂದಿದ್ದೆ. ಎಲ್ಲೂ ಇಲ್ಲ ಅಂತ ಹೆಂಗ ಅನ್ನೋದವಾ? ಅಡುಗೆಮನೆ ಮಟ್ಟಿಗೆ ಅದು ನಮ್ಮೂರೇ. ನಿಮ್ಮ ಬಳಗದ ಹುಡುಗರಂತೂ ಆ ಪುಸ್ತಕ ಬರೆದದ್ದನ್ನ ಬರೆದ ಹಾಂಗೇ ನಡೆಸಿದ್ದಾರೆ.

ಈಗ ನನ್ನ ಒಲೆಯ ಮಾತು ಹೇಳತೀನಿ. ನಿನಗೆ ಅರ್ಧ ಗೊತ್ತು, ಇನ್ನರ್ಧ ನಾ ಯಾರಿಗೂ ಹೇಳಿಲ್ಲ.

ಸರ್ಕಾರದ ಬಿಸಿಯೂಟ ನಮ್ಮ ಕಡೆ 2002ರಲ್ಲಿ ಬಂತು, ಬೆಂಗಳೂರಿಗಿಂತ ಮೊದಲು. ಹಸಿವಿನ ವಿಷಯದಲ್ಲಿ ಬೀದರ, ಕಲಬುರಗಿ, ರಾಯಚೂರಿನ ಹೆಸರು ಯಾವಾಗಲೂ ಮೊದಲ ಸಾಲಿನಲ್ಲೇ ಇರ್ತದಲ್ಲ. ಅಕ್ಷರ ದಾಸೋಹ ಅಂತ ಹೆಸರಿಟ್ಟರು. ದಾಸೋಹ ಅನ್ನೋದು ನಮ್ಮ ಕಲ್ಯಾಣದ ಮಾತು. 2004ರಲ್ಲಿ ಸುಪ್ರೀಂ ಕೋರ್ಟು ಅಡುಗೆಯವರನ್ನ ತಗೊಳ್ಳುವಾಗ ಪರಿಶಿಷ್ಟರಿಗೆ ಆದ್ಯತೆ ಇರಲಿ ಅಂದಿತು. ಅದಾಗಿ ಎರಡು ವರ್ಷಕ್ಕೆ, ನೀ ಇನ್ನೂ ತೊಟ್ಟಿಲಲ್ಲಿದ್ದಾಗ, ನಾ ಸೌಟು ಹಿಡಿದೆ. ಸಂಬಳ ಅನ್ನಬಾರದು, ಗೌರವಧನ ಅನ್ನಬೇಕು. 2022ರಲ್ಲಿ ಅದು 2,700ರಿಂದ 3,700 ಆಯಿತು. ಗೌರವದ ಲೆಕ್ಕ ನೀನೇ ಹಾಕಿಕೋ.

ಮೊದಲ ವಾರ ಅರ್ಧಕ್ಕಿಂತ ಹೆಚ್ಚು ತಾಟು ಒಣಗಿಯೇ ಉಳಿದವು. ಮಕ್ಕಳು ದೂರ ನಿಂತು ನೋಡುತ್ತಿದ್ದರು. ನನ್ನ ಕೈಯ ಅನ್ನ ಉಂಡರೆ ಸುಟ್ಟುಬಿಡ್ತೀನಿ ಅಂತ ಮನೆಯಲ್ಲಿ ಹೇಳಿ ಕಳಿಸಿದ್ದರು. ಮೂರನೇ ತರಗತಿಯ ಒಬ್ಬ ಹುಡುಗ, ಅವನ ಆಯಿ ತನ್ನ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸಿದ್ದಳು, ದಿನಾ ನೀರಿನ ಟಾಕಿ ಹತ್ತಿರ ನಿಂತು ಡಬ್ಬಿ ಬಿಚ್ಚಿ ಒಬ್ಬನೇ ಉಣ್ಣುತ್ತಿದ್ದ. ಒಂದು ತಿಂಗಳಿಗೆ ಡಬ್ಬಿ ಹಿಡಿದುಕೊಂಡೇ ಊಟದ ಸಾಲಿಗೆ ಬಂದು ಕೂತ. ಮಳೆಗಾಲ ಮುಗಿಯುವಷ್ಟರಲ್ಲಿ ಸಾಂಬಾರು ಮಾತ್ರ ಹಾಕಿಸಿಕೊಂಡ. ಸಾಂಬಾರು ಅನ್ನ ಅಲ್ಲ, ಅದಕ್ಕೆ ಆಣೆ ಹತ್ತಂಗಿಲ್ಲ ಅಂತ ಅವನ ಲೆಕ್ಕ ಇದ್ದಿರಬೇಕು. ಮಾಘದಲ್ಲಿ ಡಬ್ಬಿ ಬರೋದು ನಿಂತಿತು. ಯಾರೂ ಭಾಷಣ ಮಾಡಲಿಲ್ಲ. ಒಗ್ಗರಣೆ ವಾಸನೆ ಒಂದು ಕಡೆ, ಒಬ್ಬನೇ ಕೂತು ಉಣ್ಣುವ ಬೇಸರ ಒಂದು ಕಡೆ. ಬ್ಯಾಸರ ದೊಡ್ಡದು ಅಂತ ನನಗೆ ಅನಿಸ್ತದ.

ಹಿಂಗ ಎಲ್ಲರೂ ಒಂದೇ ಸಾಲಿನಲ್ಲಿ ಕೂತ ಮೇಲೆ ನನಗೆ ಒಳಗೊಳಗೇ ಸೊಕ್ಕು ಬಂತು. ಹೊರಗೆ ಊರು ಹೆಂಗರೆ ಇರಲಿ, ಈ ಅರ್ಧ ತಾಸು, ಈ ಎರಡು ಸಾಲು ನನ್ನ ರಾಜ್ಯ, ಇಲ್ಲಿ ಎಲ್ಲರೂ ಸಮ ಅಂತ. ಸಮ ಅಂದರೆ ಗ್ರಾಂ ಲೆಕ್ಕದ ಸಮ ಅಲ್ಲ. ಒಂದರಿಂದ ಐದನೇ ತರಗತಿಗೆ 100 ಗ್ರಾಂ ಅಕ್ಕಿ, ಆರರಿಂದ ಎಂಟಕ್ಕೆ 150. ಐದನೇ ತರಗತಿ ಪಾಸಾದ ಹುಡುಗನಿಗೆ ಎರಡು ತಿಂಗಳ ಸೂಟಿಯಲ್ಲಿ 50 ಗ್ರಾಂ ಹಸಿವು ಹೆಚ್ಚಾಗ್ತದ ಅಂತ ಸರ್ಕಾರದ ಹಿಸಾಬು. ನಾ ಕೈ ಅಂದಾಜಿನ ಮೇಲೆ ನೀಡುತ್ತಿದ್ದೆ. ಯಾರು ಮನೆಯಲ್ಲಿ ಉಂಡು ಬಂದಿದ್ದಾರೆ, ಯಾರು ನಿನ್ನೆ ರಾತ್ರಿಯಿಂದ ಉಪವಾಸ ಇದ್ದಾರೆ, ಮುಖ ನೋಡಿದರೆ ತಿಳಿಯುತ್ತಿತ್ತು.

ನೀ ಮೂರನೇ ತರಗತಿಗೆ ಬಂದೆ. ನಿನ್ನ ಪಕ್ಕದಲ್ಲಿ ಕೂಡುತ್ತಿದ್ದ ಹುಡುಗಿ ನೆನಪಿದ್ದಾಳೆ ತಾನೇ? ಅಪ್ಪ ಅವ್ವ ದುಡಿಯಲಿಕ್ಕೆ ಪುಣೆಗೆ ಹೋಗಿದ್ದರು, ಅಜ್ಜಿ ಹತ್ತಿರ ಇದ್ದಳು. ಒಂದು ದಿನ ತಾಟು ಹಿಡಿದು ನನ್ನ ಮುಂದೆ ನಿಂತು ಅಂದಳು: "ಅಡಗಿ ಅಕ್ಕಾ, ನಿಮ್ಮ ಸೌಟು ಆಕಿ ತಾಟಿಗೆ ಬಂದಾಗ ತಳಕ್ಕ ಹೋಗ್ತದ. ನಮಗ ಮ್ಯಾಲಿಂದು ಬರ್ತದ."

ಸಿಟ್ಟಿರಲಿಲ್ಲ. ಮಗ್ಗಿ ಒಪ್ಪಿಸಿದ ಹಾಂಗ ಹೇಳಿದಳು.

ಸಾಂಬಾರಿನ ಪಾತೇಲಿ ನಿನಗೆ ಗೊತ್ತು. ಬ್ಯಾಳಿ, ಗಜ್ಜರಿ, ಆಲೂಗಡ್ಡಿ ಎಲ್ಲ ತಳಕ್ಕೆ ಕೂಡ್ತಾವ, ಮೇಲೆ ಅರಿಶಿಣ ಬಣ್ಣದ ಖಾರದ ನೀರು ತೇಲ್ತದ. ತಿರುವದೇ ನೀಡಿದರೆ ಒಬ್ಬರಿಗೆ ನೀರು, ಒಬ್ಬರಿಗೆ ಬ್ಯಾಳಿ. ನಾ ಬೇಕಂತ ಮಾಡಿದ್ದಲ್ಲ, ಖರೇನೇ ಹೇಳತೀನಿ. ಆ ದಿನದವರೆಗೂ ನನಗೆ ಗೊತ್ತೇ ಇರಲಿಲ್ಲ. ನಿನ್ನ ತಾಟು ಬಂದ ಕೂಡಲೇ ಕೈ ತಾನಾಗಿ ಕೆಳಗಿಳಿಯುತ್ತಿತ್ತು. ಎಷ್ಟು ತಿಂಗಳಿಂದ ಇಳಿಯುತ್ತಿತ್ತೋ! ಟಾಕಿ ಹತ್ತಿರ ನಿಂತ ಹುಡುಗನನ್ನ ಸಾಲಿಗೆ ತಂದೆ ಅಂತ ಮೆರೆದವಳು ನಾ. ಆ ಸಾಲಿನೊಳಗೇ ನನ್ನ ಕೈ ಇನ್ನೊಂದು ಸಾಲು ಕೊರೆದಿತ್ತು.

ರಾತ್ರಿ ನಿಮ್ಮಪ್ಪನ ಮುಂದೆ ಹೇಳಿದರೆ ನಕ್ಕರು. "ತಾಯಿ ಕೈ ಅಲ್ಲೇನ, ಬಿಡು." ಬಿಡಲಿಕ್ಕೆ ಆಗಲಿಲ್ಲ. ಮರುದಿನ ನಿಮ್ಮ ಸಾಲಿಗೆ ಸಹಾಯಕಿಯನ್ನ ನೀಡಲಿಕ್ಕೆ ಹಚ್ಚಿದೆ. ಎರಡೇ ದಿನಕ್ಕೆ ನೋಡಿದರೆ ಆಕೆಯ ಅಕ್ಕನ ಮಗ ಅದೇ ಸಾಲಿನಲ್ಲಿದ್ದ, ಅವನ ತಾಟಿನಲ್ಲಿ ಬ್ಯಾಳಿ ಗುಡ್ಡ! ಕಡೆಗೆ ಇಬ್ಬರೂ ಕೂತು ಒಂದು ಕರಾರು ಮಾಡಿಕೊಂಡೆವು: ಐದು ತಾಟಿಗೊಮ್ಮೆ ಪಾತೇಲಿ ತಳದಿಂದ ತಿರುವಬೇಕು, ಯಾರ ತಾಟೇ ಬರಲಿ. ಎಣಿಸುವ ಕೆಲಸ ಆ ಹುಡುಗಿಗೇ ಕೊಟ್ಟೆ. "ಐದ್ ಆಯ್ತ್ರೀ ಅಕ್ಕಾ" ಅಂತ ಆಕೆ ಕೂಗಿದ ಕೂಡಲೇ ತಿರುವಬೇಕು. ನೀ ಆವಾಗ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದೆ, "ಅವ್ವ ನನಗ ಕಡಿಮಿ ನೀಡ್ತಾಳ" ಅಂತ. ಕಡಿಮೆ ಅಲ್ಲವಾ, ಎಲ್ಲರಷ್ಟೇ. ಮೊದಲು ಹೆಚ್ಚು ಸಿಗುತ್ತಿದ್ದವರಿಗೆ ಎಲ್ಲರಷ್ಟೇ ಸಿಕ್ಕರೆ ಕಡಿಮೆ ಅನಿಸೋದು ನಿನ್ನೊಬ್ಬಳಿಗೇ ಅಲ್ಲ, ಊರ ಗೌಡರಿಗೂ ಹಾಂಗೇ.

ಅದೇ ವರ್ಷ, 2013ರಲ್ಲಿ, ಬಿಹಾರದ ಸಾರಣ್ ಜಿಲ್ಲೆಯಲ್ಲಿ ಬಿಸಿಯೂಟಕ್ಕೆ ಕೀಟನಾಶಕ ಬೆರೆತು 23 ಮಕ್ಕಳು ಹೋದರು. ಆಮೇಲೆ ಮಕ್ಕಳಿಗಿಂತ ಮೊದಲು ಶಿಕ್ಷಕರು ರುಚಿ ನೋಡಲೇಬೇಕು ಅನ್ನೋದು ಬಿಗಿಯಾಯಿತು. ಹೆಡ್ ಮಾಸ್ತರು ರಿಜಿಸ್ಟರ್ ಹಿಡಿದು ಬಂದು ಒಂದು ತುತ್ತು ಬಾಯಿಗೆ ಹಾಕಿ ಸಹಿ ಮಾಡುವಾಗ ಬೇರೆ ಕಡೆಯ ಅಡುಗೆಯವರು ಬಹಳ ಮಂದಿ ಮನಸ್ಸಿಗೆ ಹಚ್ಚಿಕೊಂಡರು, ನಮ್ಮ ಮೇಲೆ ಸಂಶಯವೇ ಅಂತ. ನನಗೆ ಅನಿಸಲಿಲ್ಲ. ನನ್ನ ಕೈಯನ್ನ ನಾನೇ ಪೂರಾ ನಂಬದ ಮೇಲೆ ಮಾಸ್ತರು ನಂಬಲಿ ಅಂತ ಯಾಕೆ ಹಟ?

ನಿನ್ನ ಟಿಪ್ಪಣಿಯಲ್ಲಿ ಪ್ಲೇಟೋ ಇದ್ದಾನಲ್ಲ, ಅವನಿಗೆ ಈ ಸೌಟಿನ ವಿಷಯ ಗೊತ್ತಿತ್ತು ಅಂತ ನನಗೆ ಅನಿಸ್ತದ. ಅವನು ಪುಸ್ತಕದಲ್ಲಿ ಕಟ್ಟಿದ ಊರಿನಲ್ಲಿ ಕಾವಲಿನ ವರ್ಗದವರ ಕೂಸುಗಳನ್ನ ಹುಟ್ಟಿದ ಕೂಡಲೇ ಎತ್ತಿಕೊಂಡು ಹೋಗಿ ಒಟ್ಟಿಗೆ ಸಾಕುತ್ತಾರೆ. ಹಾಲು ಕುಡಿಸಲಿಕ್ಕೆ ತಾಯಂದಿರನ್ನ ಕರೆತಂದರೂ, ತನ್ನದು ಯಾವುದು ಅಂತ ಯಾವ ತಾಯಿಗೂ ಗುರುತು ಸಿಗದ ಹಾಂಗೆ ನೋಡಿಕೊಳ್ಳುತ್ತಾರೆ. ಹಾಂಗ ಮಾಡಿದರೆ ಸೌಟು ಯಾರ ತಾಟಿಗೂ ತಳಕ್ಕೆ ಹೋಗಂಗಿಲ್ಲ, ಖರೆ. ಇಸ್ರೇಲಿನ ಕಿಬುತ್ಸ್ ಊರುಗಳಲ್ಲಿ ಇಂಥದ್ದನ್ನ ಮಾಡಿಯೂ ನೋಡಿದರು ಅಂತ ಬರೆದಿದ್ದೀ. 1910ರಲ್ಲಿ ಮೊದಲನೆಯದು ಶುರುವಾಯಿತು, ಹೊಲ ಎಲ್ಲರದು, ಊಟ ಒಟ್ಟಿಗೆ. ಮುಂದೆ ಬಹಳ ಕಿಬುತ್ಸ್‌ಗಳಲ್ಲಿ ಮಕ್ಕಳನ್ನ ರಾತ್ರಿಯೂ ಬೇರೆ ಮನೆಯಲ್ಲೇ ಮಲಗಿಸುತ್ತಿದ್ದರು. ಬಡಿದು ಬೈದು ಅಲ್ಲ, ತಾವೇ ಒಪ್ಪಿ. 1990ರ ದಶಕ ಮುಗಿಯುವಷ್ಟರಲ್ಲಿ ಒಂದೊಂದಾಗಿ ಎಲ್ಲ ಕಡೆ ಮಕ್ಕಳನ್ನ ಮನೆಗೆ ಕರಕೊಂಡರು. ರಾತ್ರಿ ಕೂಸು ಅತ್ತರೆ ಯಾರದು ಅಂತ ತಿಳಿಯದೇ ಇರ್ತದೇನ ತಾಯಿಗೆ?

ಇದೊಂದನ್ನ ನಿನಗೆ ನೆಟ್ಟಗೆ ಹೇಳಿಬಿಡತೀನಿ. ನನ್ನ ಸಾಲು ಪೂರಾ ಸರಿಯಾಗಬೇಕಾದರೆ ನೀ ನನ್ನ ಮಗಳು ಆಗಿರಬಾರದಿತ್ತು. ಅಂಥ ಊರು ನನಗೆ ಬ್ಯಾಡ. ಎಷ್ಟೇ ಚಂದ ಇದ್ದರೂ ಬ್ಯಾಡ. ಆದರೆ ಆ ಹುಡುಗಿಗೆ ಬರೀ ನೀರು ನೀಡುವ ಊರೂ ಬ್ಯಾಡ. ಎರಡರ ನಡುವೆ ನನಗೆ ಸಿಕ್ಕಿದ್ದು ಐದು ತಾಟಿಗೊಮ್ಮೆ ತಿರುವುವ ಕರಾರು, ಅಷ್ಟೇ.

ಕಲ್ಯಾಣದ ಮಾತು ತೆಗೆಯದೇ ಇದ್ದರೆ ನೀ ಬಿಡಂಗಿಲ್ಲ. ಬಸ್ಸಿನಲ್ಲಿ ಒಂದು ತಾಸಿನ ದಾರಿ, ಅಲ್ಲಿಯೇ ಎಲ್ಲ ಆಗಿತ್ತಲ್ಲ ಅವ್ವಾ, ಯಾಕ ಉಳೀಲಿಲ್ಲ ಅಂತ ಹೈಸ್ಕೂಲಿನಲ್ಲಿದ್ದಾಗಲೇ ಕೇಳಿದ್ದೆ. ಈಗ ಹೊಸ ಅನುಭವ ಮಂಟಪ ಏಳುತ್ತಿದೆ, 770 ಶರಣರ ಲೆಕ್ಕಕ್ಕೆ 770 ಕಂಬ ಅಂತ. ಕಂಬ ಎಣಿಸುವವರು ಎಣಿಸಲಿ. ನನಗೆ ಕಲ್ಯಾಣ ಅಂದರೆ ಲಕ್ಕಮ್ಮ. ಗಂಡ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ಇಬ್ಬರೂ ದಾಸೋಹ ನಡೆಸುತ್ತಿದ್ದರು. ಒಂದು ದಿನ ದಿನದಕ್ಕಿಂತ ಹೆಚ್ಚು ತಂದ. ಸೆರಗಿನಲ್ಲಿ ಹಿಡಿದ ಕೂಡಲೇ ಆಕೆಗೆ ತಿಳಿಯಿತು. "ಈಸಕ್ಕಿಯಾಸೆ ನಿಮಗೇಕೆ" ಅಂದಳು. ಹೆಚ್ಚಿನದನ್ನ ತಿರುಗಿ ಚೆಲ್ಲಿ ಬರಲಿಕ್ಕೆ ಕಳಿಸಿದಳು. ಜನ ಈ ಕತೆ ಹೇಳುವಾಗ ಆಕೆಯ ನಿಸ್ಪೃಹತೆ ಹೊಗಳ್ತಾರೆ. ನಾ ಬೇರೆ ಕಡೆ ನೋಡತೀನಿ. ಬಸವಣ್ಣ, ಅಲ್ಲಮ ಇದ್ದ ಊರಿನಲ್ಲೇ, ಮಾರಯ್ಯನಂಥ ಶರಣನ ಕೈಯಲ್ಲೇ ಒಂದು ಹಿಡಿ ಹೆಚ್ಚು ಬಂತಲ್ಲ! ಬಂದದ್ದನ್ನ ಮುಚ್ಚಿಡಲಿಲ್ಲ, ವಚನ ಮಾಡಿ ಇಟ್ಟರು. ಅಕ್ಕಿ ಅಳತೆ ಗೊತ್ತಿದ್ದ ಹೆಂಗಸು ಗಂಡನಿಗೆ ತಿರುಗಿ ಹೋಗು ಅನ್ನಬಹುದಿತ್ತು, ಆತ ಹೋಗುತ್ತಿದ್ದ. 12ನೇ ಶತಮಾನದಲ್ಲಿ ಅದು ಸಣ್ಣ ಮಾತಲ್ಲ. ಈಗಲೂ ಅಲ್ಲ, ನಿಮ್ಮಪ್ಪನ ಮುಂದೆ ಅಂದು ನೋಡು.

ಯಾಕೆ ಉಳೀಲಿಲ್ಲ ಅನ್ನೋದಕ್ಕೆ ನನಗೆ ತಿಳಿದಷ್ಟು ಇದು: ಕೂಡಿ ಕೂತದ್ದನ್ನ, ಕೂಡಿ ಉಂಡದ್ದನ್ನ ಊರು ಹ್ಯಾಂಗೋ ತಾಳಿಕೊಂಡಿತು. ಹಾರುವರ ಮಧುವರಸನ ಮಗಳನ್ನ ಸಮಗಾರ ಹರಳಯ್ಯನ ಮಗನಿಗೆ ಕೊಟ್ಟದ್ದನ್ನ ತಾಳಲಿಲ್ಲ. ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆ ಆಯಿತು, ಆನೆ ಕಾಲಿಗೆ ಕಟ್ಟಿ ಎಳೆಸೋದು. ಶರಣರು ಚದುರಿ ಉಳವಿ ಕಡೆ ಹೋದರು.

ಟಾಕಿ ಹತ್ತಿರದ ಹುಡುಗನ ಮದುವೆ ಹೋದ ಬ್ಯಾಸಿಗಿಯಲ್ಲಿ ಆಯಿತು. ಅದೇ ಆಯಿ, ಬೆನ್ನು ಬಾಗಿ ಹೋಗಿದೆ, ತಾನೇ ಕೋಲು ಊರಿಕೊಂಡು ನಮ್ಮ ಓಣಿಗೆ ಬಂದು ಕರೆದಳು. ಅಡುಗೆಗೆ ಅಲ್ಲ, ಊಟಕ್ಕೆ. ಅಂಗಳದಲ್ಲೇ ನಿಂತಿದ್ದಳು, ನೀರು ಕೊಟ್ಟರೆ ಈಗ ಕುಡಿದೆ ಅಂದಳು. ಹೋದೆ. ನಮ್ಮನ್ನ ಶಾಮಿಯಾನದ ಆಚೆ ಕೊನೆಯಲ್ಲಿ ಬೇರೆ ಕೂಡಿಸಿದರು. ಮದುಮಗ ಅರಿಶಿಣದ ಮೈಯಲ್ಲೇ ಎದ್ದು ಬಂದು ನನ್ನ ಪಕ್ಕ ಕೂತು ಒಂದು ತುತ್ತು ಉಂಡ. ಹಿರಿಯರ ಮುಖ ಕಪ್ಪಿಟ್ಟವು, ಯಾರೂ ಬಾಯಿ ಬಿಡಲಿಲ್ಲ. ಇದಕ್ಕೆ ಖುಷಿ ಪಡಬೇಕೋ ಬ್ಯಾಡೋ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಊಟ ಮಾತ್ರ ಛಲೋ ಇತ್ತು, ಬೂಂದಿಗೆ ಸಕ್ಕರೆ ಒಂದಿಷ್ಟು ಹೆಚ್ಚು.

ಇನ್ನೊಂದು ನೆನಪಾಯಿತು. ನೀ ಆರನೇ ತರಗತಿ ಇದ್ದಾಗ ಬೀದರಕ್ಕೆ ಹೋಗಿ ಸಿಖ್ಖರ ನಾನಕ್ ಝೀರಾ ಗುರುದ್ವಾರದಲ್ಲಿ ಉಂಡೆವಲ್ಲ. ತಲೆ ಮೇಲೆ ಸೆರಗು, ಉದ್ದನೆಯ ಸಾಲು, ಎರಡೂ ಕೈ ಚಾಚಿ ರೊಟ್ಟಿ ತಗೋಬೇಕು. ಗುರು ಗೋವಿಂದಸಿಂಗರು 1699ರಲ್ಲಿ ತಲೆ ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬ, ಸಾಹಿಬ್ ಸಿಂಗ್, ನಮ್ಮ ಬೀದರದ ಕ್ಷೌರಿಕರ ಮನೆಯವನು ಅಂತ ನೀನೇ ಗೋಡೆ ಮೇಲಿನದು ಓದಿ ಹೇಳಿದ್ದೆ. ನನಗೆ ಅದಕ್ಕಿಂತ ಹೆಚ್ಚು ನೆನಪಿರೋದು ಹಿಂದಿನ ನೀರಿನ ತೊಟ್ಟಿ. ಗಡ್ಡದ ದೊಡ್ಡ ದೊಡ್ಡ ಗಂಡಸರು, ಕೈಯಲ್ಲಿ ಬಂಗಾರದ ಗಡಿಯಾರ ಇದ್ದವರು, ತೋಳು ಮಡಚಿ ಎಂಜಲು ತಾಟು ತೊಳೆಯುತ್ತಿದ್ದರು. ನಿಮ್ಮಪ್ಪನೂ ಎರಡು ತಾಟು ತೊಳೆದರು. ಮನೆಗೆ ಬಂದ ಮೇಲೆ ಆ ವಿದ್ಯೆ ಮರೆತರು, ಆ ಮಾತು ಬೇರೆ.

ಅಲ್ಲಿ ಗಂಡಸರು ಒಳ್ಳೆಯವರು, ನಿಮ್ಮ ಬಳಗದವರು ಕೆಟ್ಟವರು ಅಂತ ನಾ ಅನ್ನಂಗಿಲ್ಲ. ಅಲ್ಲಿ ತೊಟ್ಟಿ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿದೆ, ಗಂಡಸು ತೊಳೆಯೋದು ಅಲ್ಲಿಯ ವಾಡಿಕೆ. ನಿಮ್ಮಲ್ಲಿ ಗ್ಲಾಸು ಹಿಂದಿನ ಬಾಗಿಲ ಹತ್ತಿರ ಇಡ್ತಾರೆ ಅಂದೆಯಲ್ಲ, ಅವನ್ನ ಮುಂದಿನ ಬಾಗಿಲಿಗೆ ತಂದಿಡು. ಯಾರು ಕುಡಿದರೋ ಅವರು ದಾಟಿಕೊಂಡೇ ಹೋಗಬೇಕು. ಒಂದು ಸಲ ಮಾಡಿ ನೋಡು. ಆಗದೇ ಇದ್ದರೆ ಬಾಯಿ ಬಿಟ್ಟು ಹೇಳು, "ನಿಮ್ಮ ಸೌಟು ತಳಕ್ಕ ಹೋಗ್ತದ" ಅಂತ. ಎಂಟು ವರ್ಷದ ಹುಡುಗಿಗೆ ಆದದ್ದು ನಿನಗೆ ಆಗಂಗಿಲ್ಲೇನ? ಬಳಗ ಬಿಡತೀನಿ ಅಂತ ಮಾತ್ರ ಅನ್ನಬ್ಯಾಡ. ಆ ಹುಡುಗಿ ಸಿಟ್ಟಾಗಿ ಊಟ ಬಿಟ್ಟಿದ್ದರೆ ನನಗೆ ಇಂದಿಗೂ ಗೊತ್ತಾಗುತ್ತಿರಲಿಲ್ಲ.

ಸಾಲು ಮತ್ತೆ ಎರಡಾಗಿದ್ದು 2021ರಲ್ಲಿ, ತತ್ತಿ ಬಂದಾಗ. ನಮ್ಮ ಭಾಗದ ಜಿಲ್ಲೆಗಳಿಗೇ ಮೊದಲು ಕೊಟ್ಟರು. ತತ್ತಿ ತಿನ್ನದವರಿಗೆ ಬಾಳೆಹಣ್ಣು. ದೊಡ್ಡವರು ಟಿವಿಯಲ್ಲಿ ಜಗಳ ಆಡುತ್ತಿದ್ದರು. ಇಲ್ಲಿ ಬಾಳೆಹಣ್ಣಿನ ಸಾಲಿನ ಒಬ್ಬ ದಿನಾ ಹಣ್ಣನ್ನ ತತ್ತಿ ಸಾಲಿನ ಗೆಳೆಯನ ಕಡೆ ಉರುಳಿಸಿ, ಅವನ ತತ್ತಿ ಅರ್ಧ ತಗೋತಿದ್ದ. ನಾ ನೋಡಬೇಕಿತ್ತು, ನಿಯಮ ಅದ. ಆ ಹೊತ್ತಿಗೆ ಸರಿಯಾಗಿ ಪಾತೇಲಿ ತಿರುವಲಿಕ್ಕೆ ಬಾಗಿರುತ್ತಿದ್ದೆ.

ನಿನ್ನ ಪಕ್ಕದ ಹುಡುಗಿ ಮೊನ್ನೆ ಊರಿಗೆ ಬಂದಿದ್ದಳು, ಮಗಳನ್ನ ಎತ್ತಿಕೊಂಡು. ಸಾಲಿ ಕಡೆ ಬಂದು ಒಲೆ ಹತ್ತಿರ ಕೂತು ಪುಣೆಯ ಸುದ್ದಿ ಹೇಳಿದಳು. ಮಾತಾಡುತ್ತಲೇ ಕಣ್ಣು ಸೌಟಿನ ಮೇಲಿತ್ತು. "ಇನ್ನೂ ಐದಕ್ಕ ತಿರವ್ತೀರೇನ್ರಿ ಅಕ್ಕಾ?" ಅಂದಳು. ಈಗ ಮಕ್ಕಳು ಕಡಿಮೆ ಆಗ್ಯಾರ, ನಾಲ್ಕಕ್ಕೇ ತಿರವ್ತೀನಿ ಅಂದೆ.

ನಾಳೆ ಮುಂಜಾನೆಯ ಕಲಬುರಗಿ ಬಸ್ಸಿಗೆ ಗಂಟು ಕೊಟ್ಟು ಕಳಿಸತೀನಿ, ಹತ್ತಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಇರು. ಖಡಕ್ ರೊಟ್ಟಿ ನಲವತ್ತು, ಶೇಂಗಾ ಹಿಂಡಿ, ಅಗಸಿ ಹಿಂಡಿ. ಕೋಣೆಯಲ್ಲಿ ನಾಲ್ಕು ಮಂದಿ ಇದ್ದೀರಿ, ತಲೆಗೆ ಹತ್ತು, ಎಣಿಸಿ ಕಟ್ಟಿದ್ದೀನಿ. ಎಲ್ಲಕ್ಕಿಂತ ಕೆಳಗೆ ಒಂದು ಸಣ್ಣ ಸ್ಟೀಲ್ ಡಬ್ಬಿ ಇದೆ. ಅದರಲ್ಲಿ ಶೇಂಗಾ ಹೋಳಿಗಿ, ಆರೇ ಆರು. ಅವು ನಿನಗಷ್ಟೇ.

ನಿನ್ನ ಅವ್ವ